ಬಸಿಯ ಪಾಲಿನ ಚಹಾ

ನಮ್ಮ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಬಸಿ ಇದೆ. ಬಸಿ ಎಂದರೆ ಚಹಾದ ಕಪ್ಪಿನ ಕೆಳಗಿಡುವ ತಟ್ಟೆ. ಕೆಲವು ಊರುಗಳಲ್ಲಿ ಅದಕ್ಕೆ ಸಾಸರ್ ಅನ್ನುತ್ತಾರಂತೆ, ಮೇಲಾಗಿ ಅದನ್ನು ಬರೀ ಕಪ್ಪು ಇಡುವುದಕ್ಕಷ್ಟೇ ಬಳಸುತ್ತಾರಂತೆ. ಇರಲಿ, ಅವರವರ ಪದ್ಧತಿ. ನಮ್ಮ ಬಸಿಯ ಅಂಚಿಗೆ ನೀಲಿ ಬಳ್ಳಿಯ ಚಿತ್ರ ಇದೆ, ಒಂದು ಕಡೆ ಚೂರು ಹಾರಿದೆ. ಇದರ ಜೋಡಿ ಕಪ್ಪು ಒಡೆದು ಯಾವ ಕಾಲವಾಯಿತೋ ನನಗೂ ನೆನಪಿಲ್ಲ. ಮೊನ್ನೆ ಹಬ್ಬಕ್ಕೆಂದು ಹಾಸ್ಟೆಲಿನಿಂದ ಬಂದ ನಮ್ಮ ಮಗಳು ಅಡುಗೆಮನೆ ತೊಳೆಯುತ್ತ ಇದನ್ನು ಎರಡೇ ಬೆರಳಲ್ಲಿ ಹಿಡಿದು, “ಮಮ್ಮಿ, ಇದನ್ನ ಕಸದಾಗ ಒಗದು ಬಿಡ್ಲೇನು?” ಎಂದಳು.

“ಒಗದೀ ನೋಡು ಮತ್ತ!” ಎಂದು ನಾನು ಕೂಗಿದ ರಭಸಕ್ಕೆ ಹೊರಗೆ ಕೂತಿದ್ದ ನಮ್ಮ ಅತ್ತೆ, “ಏನಾತ ಬೇ?” ಎಂದು ಎದ್ದು ಬಂದರು. ಮಗಳು ನನ್ನನ್ನು ಒಂದು ಥರಾ ನೋಡಿ ಬಸಿಯನ್ನು ಇದ್ದಲ್ಲೇ ಇಟ್ಟಳು. ತನ್ನ ತಾಯಿ ಎಂಥ ಜಿಪುಣಿ ಎಂಬುದು ಅವಳಿಗೆ ಬಾಲ್ಯದಿಂದ ಗೊತ್ತು. ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಕೆರೆದು ತೆಗೆಯುವಾಕೆ ಚೂರು ಹಾರಿದ ಬಸಿ ಬಿಟ್ಟಾಳೆಯೇ ಎಂದುಕೊಂಡಿರಬೇಕು. ಈ ಒಂದು ವಿಷಯದಲ್ಲಿ ಮಾತ್ರ ಅವಳ ಲೆಕ್ಕ ತಪ್ಪು. ನಿಮಗಾದರೂ ಸರಿಯಾಗಿ ಹೇಳುತ್ತೇನೆ.

ಬಸಿಯ ಸಹವಾಸ ನನಗೆ ತವರಿನಿಂದಲೇ ಬಂದದ್ದು. ನಾನು ಹುಟ್ಟಿ ಬೆಳೆದದ್ದು ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಿ. ಸಂತೆಯ ದಿನ ಅಪ್ಪನ ಬೆರಳು ಹಿಡಿದು ಹೋದರೆ ಬಸ್ಸು ನಿಲ್ಲುವಲ್ಲಿನ ತಗಡಿನ ಹೊಟೇಲಿಗೆ ಹೋಗುವುದು ಕಡ್ಡಾಯ. ಅಲ್ಲಿ ಯಾರೂ ಇಡೀ ಚಹಾ ಕುಡಿದದ್ದನ್ನು ನಾನು ಕಂಡಿಲ್ಲ. ಇಬ್ಬರು ಕೂತರೆ ಒಂದೇ ಚಹಾ ಬರುತ್ತಿತ್ತು. ಅದರಲ್ಲಿ ಅರ್ಧ ಬಸಿಗೆ ಸುರಿಯುವುದು, ಅರ್ಧ ಕಪ್ಪಿನಲ್ಲಿ ಉಳಿಸುವುದು. ಕರೆದು ತಂದವನು ಬಸಿ ಕುಡಿಯಬೇಕು, ಬಂದವನಿಗೆ ಕಪ್ಪು. ಇದನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ, ಯಾರೂ ತಪ್ಪುತ್ತಲೂ ಇರಲಿಲ್ಲ. ಬಸಿಯನ್ನು ಐದೂ ಬೆರಳ ತುದಿಯ ಮೇಲೆ ನಿಲ್ಲಿಸಿ, ಕಣ್ಣು ಅರ್ಧ ಮುಚ್ಚಿ, ಫೂ ಎಂದು ಊದಿ, ಸುರ್ರ್ ಎಂದು ಎಳೆಯುವುದರಲ್ಲಿ ನಮ್ಮಪ್ಪ ಊರಿಗೇ ಹೆಸರಾದವನು. ಆ ಸದ್ದು ಬಾರದಿದ್ದರೆ ಹೊಟೇಲಿನವನು ಚಹಾ ಸರಿಯಾಗಿಲ್ಲವೇನೋ ಎಂದು ತಿರುಗಿ ನೋಡುತ್ತಿದ್ದ.

ಅಪ್ಪನಿಗೂ ಅವನ ದೊಡ್ಡಪ್ಪನ ಮಗ ಶಿವಲಿಂಗಪ್ಪ ಕಾಕಾನಿಗೂ ಹೊಲದ ಬದುವಿನ ಮೇಲಿದ್ದ ಒಂದು ಬೇವಿನ ಗಿಡದ ಸಲುವಾಗಿ ಮಾತು ನಿಂತಿತ್ತು. ನಮ್ಮ ಮನೆಯ ಮದುವೆಗೆ ಅವರಿಲ್ಲ, ಅವರ ಮನೆಯ ತೊಟ್ಟಿಲಿಗೆ ನಾವಿಲ್ಲ. ಆದರೆ ಹೊಟೇಲಿನಲ್ಲಿ ಇಬ್ಬರೂ ಮೊದಲಿನಿಂದ ಕೂಡುತ್ತಿದ್ದ ಬೆಂಚಿನ ಮೇಲೆಯೇ ಕೂಡುತ್ತಿದ್ದರು. ಜಗಳವಾದ ಮರುದಿನ ಹೊಟೇಲಿನವನು ರೂಢಿಯಂತೆ ಒಂದೇ ಚಹಾ ತಂದು ಇಬ್ಬರ ನಡುವೆ ಇಟ್ಟುಬಿಟ್ಟನಂತೆ. ಅಪ್ಪ ಅರ್ಧ ಬಸಿಗೆ ಸುರಿದುಕೊಂಡು, ರಸ್ತೆಯ ಕಡೆ ನೋಡುತ್ತಲೇ ಕಪ್ಪನ್ನು ಆ ಕಡೆ ಸರಿಸಿದ. ಕಾಕಾ ಬಸ್ಸಿನ ಕಡೆ ನೋಡುತ್ತಲೇ ಅದನ್ನು ಕುಡಿದು ಎದ್ದುಹೋದ. ಮರುದಿನ ರೊಕ್ಕ ಕಾಕಾನದು, ಹೀಗಾಗಿ ಬಸಿ ಅವನದು. ಗಿಡ ಒಣಗಿ ಬಿದ್ದ ಮೇಲೂ ಅವರು ಮಾತಾಡಲಿಲ್ಲ, ಆದರೆ ಚಹಾ ಮಾತ್ರ ಬಿಡಲಿಲ್ಲ. ಅಪ್ಪ ತೀರಿಕೊಂಡ ದಿನ ಕಾಕಾ ನಮ್ಮಂಗಳದಲ್ಲಿ ನಿಂತು ಯಾರ ಜೊತೆಗೂ ಮಾತಾಡದೆ ಅತ್ತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಮದುವೆಯಾಗಿ ಆಳಂದಕ್ಕೆ ಬಂದೆ. ನಮ್ಮ ಯಜಮಾನರು ಬಸ್ ಕಂಡಕ್ಟರು. ಮನೆಯಲ್ಲಿ ಅವರ ತಾಯಿ ಸಿದ್ದಮ್ಮ, ಅಂದರೆ ನಮ್ಮ ಅತ್ತೆ. ಆಗ ಹಳೆ ಊರಿನ ಒಂದು ಓಣಿಯಲ್ಲಿ ಬಾಡಿಗೆಗೆ ಇದ್ದೆವು. ಎದುರು ಮನೆಯಲ್ಲಿ ಶಾಂತಾಬಾಯಿ. ಗಂಡ ಇಲ್ಲ, ಮೈದುನನ ತುಂಬಿದ ಸಂಸಾರದಲ್ಲಿ ದೊಡ್ಡವರಾಗಿ ಇದ್ದರು. ಒಬ್ಬಳೇ ಮಗಳನ್ನು ಜೇವರ್ಗಿಗೆ ಕೊಟ್ಟಿದ್ದರು. ಅಕ್ಕಲಕೋಟದ ಕಡೆಯವರಾದ್ದರಿಂದ ಮಾತಿನಲ್ಲಿ ಮರಾಠಿ ಇಣುಕುತ್ತಿತ್ತು. ಕಿವಿ ಮಂದ. ಮಧ್ಯಾಹ್ನ ನಾಲ್ಕರ ಸುಮಾರಿಗೆ ಸೆರಗು ಸರಿಮಾಡಿಕೊಳ್ಳುತ್ತ ಬಂದು, “ಅಗಂ ಸಿದ್ದವ್ವಾ, ಇದ್ದೀಯೇನು?” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರೆಂದರೆ ನಮ್ಮ ಮನೆಯಲ್ಲಿ ಸ್ಟೋವ್ ಹತ್ತುತ್ತಿತ್ತು.

ಚಹಾ ಒಂದೇ. ಕಪ್ಪು ಶಾಂತಾಬಾಯಿಗೆ, ಬಸಿ ನಮ್ಮ ಅತ್ತೆಗೆ. ಆ ಅರ್ಧರ್ಧ ಚಹಾ ಮುಗಿಯಲು ಒಂದು ತಾಸು ಹಿಡಿಯುತ್ತಿತ್ತು. ನೀರು ಕುದಿಯುವತನಕ ಒಂದು ಮಾತು, ಆರುವತನಕ ಒಂದು ಮಾತು, ಕುಡಿದಾದ ಮೇಲೆ ಬರಿದಾದ ಬಸಿಯನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದಿಷ್ಟು ಮಾತು. ಶಾಲೆಯಲ್ಲಿ ಪಾಠ ಮುಗಿಸಿ ಬಂದ ನನಗೆ ಇನ್ನೂ ಅವರ ಮಾತು ಕೇಳಿಸುತ್ತಿತ್ತು. ಏನು ಮಾತಾಡುತ್ತೀರಿ ಅಷ್ಟೊಂದು ಎಂದು ಒಮ್ಮೆ ಕೇಳಿದ್ದಕ್ಕೆ ನಮ್ಮ ಅತ್ತೆ, “ಆಕೀಗಿ ಅರ್ಧ ಕೇಳಂಗಿಲ್ಲ, ಹಂಗಂತ ಎಲ್ಲಾನೂ ಎರಡೆರಡು ಸಲ ಹೇಳ್ತೀನಿ. ಟೈಮ್ ಹಿಡೀತದ,” ಎಂದಿದ್ದರು.

ಆಮೇಲೆ ಊರ ಹೊರಗಿನ ಹೊಸ ಬಡಾವಣೆಯಲ್ಲಿ ನಾವು ಮನೆ ಕಟ್ಟಿಸಿದೆವು. ಕಟ್ಟಿಸಿದ್ದು ನಾವು, ರೊಕ್ಕ ಬ್ಯಾಂಕಿನದು. ನಾನು ನಿಂಬರ್ಗಾದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವಾಕೆ. ಚಕ್ರಬಡ್ಡಿಯ ಪಾಠವನ್ನು ವರ್ಷವರ್ಷವೂ ಹಲಗೆಯ ಮೇಲೆ ಬಿಡಿಸಿ ಮಕ್ಕಳ ತಲೆ ತಿಂದಿದ್ದೇನೆ. ಆ ಲೆಕ್ಕದೊಳಗೆ ಒಂದು ದಿನ ನಾನೇ ಹೋಗಿ ಕೂಡುತ್ತೇನೆಂದು ಮಾತ್ರ ಎಣಿಸಿರಲಿಲ್ಲ. ಬ್ಯಾಂಕಿನವರು ಕೊಟ್ಟ ಕಂತಿನ ಹಾಳೆಯನ್ನು ಮನೆಗೆ ತಂದು ನೋಡಿದೆ. ಕಟ್ಟುವ ಕಂತೆಲ್ಲ ಬಡ್ಡಿಗೇ ಹೋಗುತ್ತದೆ, ಅಸಲು ಇದ್ದಲ್ಲೇ ಇರುತ್ತದೆ. ನನಗೆ ನಿವೃತ್ತಿಯಾಗಿ ಮೊಮ್ಮಕ್ಕಳಾದರೂ ಸಾಲ ನಡೆದೇ ಇರುತ್ತದೆ. ಸಿಟ್ಟು ನೆತ್ತಿಗೇರಿತು. ಕಂತಿನ ಮೇಲೆ ಪ್ರತಿ ತಿಂಗಳೂ ಇನ್ನಷ್ಟು ತುಂಬಿ ಅಸಲನ್ನು ಕಡಿದು ಹಾಕುತ್ತೇನೆ, ಈ ಸಾಲವನ್ನು ಅರ್ಧ ದಾರಿಯಲ್ಲೇ ಮುಗಿಸುತ್ತೇನೆ ಎಂದು ಪಣ ತೊಟ್ಟೆ. ಮನೆಯವರು ಯಾರೂ ಪಣ ತೊಟ್ಟಿರಲಿಲ್ಲ, ಅವರಿಗೂ ಸೇರಿಸಿ ನಾನೇ ತೊಟ್ಟೆ.

ಅಲ್ಲಿಂದ ಶುರುವಾಯಿತು ನನ್ನ ರಾಜ್ಯಭಾರ. ಪೇಪರು ನಿಂತಿತು, ಟೀವಿಯ ಕೇಬಲ್ಲು ಹೋಯಿತು. ಸ್ನಾನದ ನೀರಿಗೆ ಗೀಜರ್ ಬೇಡ ಎಂದು ಹಿತ್ತಲಲ್ಲಿ ಒಲೆ ಹೂಡಿ ತೊಗರಿ ಕಟ್ಟಿಗೆ ಉರಿಸಿದೆ. ನಮ್ಮ ಯಜಮಾನರು ಡ್ಯೂಟಿಗೆ ಹೋದರೆ ಪ್ರಯಾಣಿಕರು, “ಏನ್ರಿ ಕಂಡಕ್ಟರ್ ಸಾಹೇಬ್ರ, ಇಂಜಿನ್ ಹೊಗಿ ಕಾರಾಕತ್ತದೇನು?” ಎಂದು ಕೇಳುತ್ತಿದ್ದರಂತೆ, ಹೊಗೆಯ ವಾಸನೆ ಇವರ ಅಂಗಿಯದು. ಸವೆದ ಸಾಬೂನಿನ ಚೂರುಗಳನ್ನೆಲ್ಲ ಕೂಡಿಸಿ ನಾದಿ ಉಂಡೆ ಕಟ್ಟಿದೆ. ಅದು ಬಣ್ಣಬಣ್ಣದ್ದಾಗಿ, ಎಷ್ಟು ತಿಕ್ಕಿದರೂ ನೊರೆ ಬಾರದ ಒಂದು ವಿಚಿತ್ರ ವಸ್ತುವಾಯಿತು. ಶಾಲೆಯಲ್ಲಿ ಯಾರದಾದರೂ ಹುಟ್ಟುಹಬ್ಬಕ್ಕೆ ಪಟ್ಟಿ ಹಾಕಿ ರೊಕ್ಕ ಕೂಡಿಸುವ ದಿನ ನನಗೆ ತಪ್ಪದೆ ಉಪವಾಸ ಬರುತ್ತಿತ್ತು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ದಿನವಂತೂ ನಾನು ಸಕ್ಕರೆ ಹಂಚಬೇಕೆಂದಿದ್ದೆ, ಸಕ್ಕರೆಯ ದರ ನೆನಪಾಗಿ ಸುಮ್ಮನಾದೆ.

ಯಜಮಾನರು ಜಗಳ ತೆಗೆಯುವ ಪೈಕಿ ಅಲ್ಲ. “ಉಸಿರಾಡೋದಕ್ಕ ಇನ್ನಾ ಟಿಕೆಟ್ ಇಟ್ಟಿಲ್ಲಲ್ಲ ನೀ, ಅಷ್ಟು ಪುಣ್ಯ,” ಎಂದು ನಕ್ಕು ಎಲೆ-ಅಡಿಕೆಯನ್ನು ತಾವಾಗಿಯೇ ಬಿಟ್ಟರು. ಹೊಸ ಮನೆ ಓಣಿಯಿಂದ ದೂರವಾಗಿತ್ತು. ಆದರೂ ಶಾಂತಾಬಾಯಿ ಬಿಸಿಲಲ್ಲಿ ಛತ್ರಿ ಹಿಡಿದು ಅಷ್ಟು ದೂರ ನಡೆದು ಬರುತ್ತಿದ್ದರು. ಬಂದು ಗೇಟಿನಿಂದಲೇ, “ಅಗಂ ಸಿದ್ದವ್ವಾ!” ಅಕ್ಕಪಕ್ಕದ ಹೊಸ ಮನೆಗಳವರು ಯಾರೋ ಬಿದ್ದರೆಂದು ಹೊರಗೆ ಓಡಿ ಬರುತ್ತಿದ್ದರು.

ಒಂದು ದಿನ ನನ್ನ ಕಣ್ಣು ಹಾಲಿನ ಮೇಲೆ ಬಿತ್ತು. ಸಂಜೆ ಎಲ್ಲರೂ ಊಟಕ್ಕೆ ಕೂತಾಗ ನಾನು ಹೇಳಿಯೇಬಿಟ್ಟೆ. “ನಾಳಿಂದ ಹಾಲು ಅರ್ಧ ಲೀಟರ್ ಸಾಕು. ಮುಂಜಾನಿ ಒಂದ್ ಚಾ. ಮಧ್ಯಾಹ್ನ ಬಂದವರಿಗಿ ಮಜ್ಜಿಗಿ ಕೊಟ್ರ ನಡೀತದ.”

“ಮಜ್ಜಿಗಿ ಎಲ್ಲಿಂದ ಬರ್ತದ, ಬೋರ್‌ವೆಲ್‌ದಿಂದೇನು?” ಎಂದರು ಯಜಮಾನರು.

ಗಣಿತದ ಟೀಚರಿಗೆ ಇಷ್ಟು ಹೊಳೆದಿರಲಿಲ್ಲ. ಸೋಲಬಾರದೆಂದು, “ಹಂಗಾದ್ರ ನೀರು ಬೆಲ್ಲ ಕೊಟ್ರಾತು. ಹಿರೇರು ಕೊಡ್ತಿದ್ದಿಲ್ಲೇನು?” ಎಂದೆ. ಅತ್ತೆ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸುತ್ತಿದ್ದವರು ತಲೆ ಎತ್ತಲಿಲ್ಲ.

ಮರುದಿನ ಮುಂಜಾನೆ ಲಿಂಗಪೂಜೆ ಮುಗಿಸಿ ಎದ್ದವರೇ ಅಡುಗೆಮನೆಯ ಬಾಗಿಲಿಗೆ ಬಂದು, “ಸುನಂದಾ, ನನಗ ಚಾ ಇಡಬ್ಯಾಡ. ಮನಿ ಸಾಲ ತೀರೋ ತನಕ ಚಾ ಮುಟ್ಟಂಗಿಲ್ಲಂತ ಘತ್ತರಗಿ ತಾಯಿಗಿ ಹರಕಿ ಹೊತ್ತೀನಿ,” ಎಂದರು.

ನಮ್ಮ ಕಡೆ ಇದು ಹೊಸದಲ್ಲ. ಏನಾದರೂ ಆಗಬೇಕಾದರೆ ಏನಾದರೊಂದು ಬಿಡುತ್ತಾರೆ. ನಮ್ಮ ಶಾಲೆಯ ಜವಾನ ಮಗಳ ಮದುವೆ ಗೊತ್ತಾಗುವತನಕ ಚಪ್ಪಲಿ ಬಿಟ್ಟಿದ್ದ. ನಮ್ಮ ಚಿಕ್ಕಮ್ಮ ಒಬ್ಬಳು ಗಂಡನ ಕುಡಿತ ಬಿಡಿಸಲು ತಾನು ಬದನೆಕಾಯಿ ಬಿಟ್ಟಿದ್ದಳು, ಅವನು ಅದನ್ನು ಎರಡು ಪಾಲು ತಿನ್ನತೊಡಗಿದ. ಲಿಂಗಪೂಜೆ ಮಾಡುವ ನಮ್ಮ ಅತ್ತೆ ಘತ್ತರಗಿ ತಾಯಿಗೂ ಹರಕೆ ಹೊರುತ್ತಾರೆ; ಲಿಂಗಕ್ಕೂ ಆ ದೇವಿಗೂ ನಮ್ಮ ಮನೆಯಲ್ಲಿ ಎಂದೂ ತಕರಾರು ಬಂದಿಲ್ಲ. ನನಗಂತೂ ಖುಷಿಯೋ ಖುಷಿ. ದೇವರೇ ನನ್ನ ಕಡೆ ಸೇರಿಕೊಂಡಂತಾಯಿತು. ಎಂಥ ಅತ್ತೆ ಸಿಕ್ಕಿದ್ದಾರೆ ನೋಡಿ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ.

ಆ ರವಿವಾರ ನಾನು ಮನೆಯಲ್ಲಿದ್ದೆ. ಶಾಂತಾಬಾಯಿ ಬಂದರು. ನೀರು ಬೆಲ್ಲದ ನನ್ನ ಕಾಯಿದೆಯನ್ನು ಅತ್ತೆ ಕಿವಿಗೇ ಹಾಕಿಕೊಂಡಿರಲಿಲ್ಲ. ತಾವೇ ಎದ್ದು ಹೋಗಿ ಚಹಾ ಮಾಡಿ ಕಪ್ಪಿಗೆ ಹಾಕಿ ತಂದಿಟ್ಟರು. ಬಸಿ ತರಲಿಲ್ಲ.

“ನಿಂದೆಲ್ಲಿ?” ಎಂದರು ಶಾಂತಾಬಾಯಿ.

“ನಾ ಬಿಟ್ಟೀನಿ. ಹರಕಿ ಅದ.”

“ಹಾಂ?”

“ಹರಕಿ, ಹರಕಿ! ಮನಿ ನಮ್ಮದಾಗೋ ತನಕ ಕುಡಿಯಂಗಿಲ್ಲ!”

ಶಾಂತಾಬಾಯಿ ಕಪ್ಪನ್ನು ಮೆಲ್ಲಗೆ ದೂರ ಸರಿಸಿದರು. “ನನಗೂ ಬ್ಯಾಡಾಗ್ಯದ ತಗೊ ಬಾಯಿ. ಪಿತ್ತ ಭಾಳ ಆಗ್ಯದ. ಡಾಕ್ಟರ್ ಚಾ ಬಿಡು ಅಂದಾನ.”

“ಅಯ್ಯ, ಯಾವಾಗಿಂದ?”

“ಆಗ್ಯದ ಸುಮ್ನಿರು.”

ಆ ಚಹಾ ನಾನೇ ಕುಡಿದೆ. ಕೆಟ್ಟುಹೋಗಬಾರದಲ್ಲ!

ಅದಾದ ಮೇಲೆ ಅವರಿಬ್ಬರ ನಡುವೆ ನೀರು ಬೆಲ್ಲ ಬಂತು. ನೀರು ಬೆಲ್ಲ ಒಳ್ಳೆಯದೇ, ಬಿಸಿಲಿಂದ ಬಂದವರಿಗೆ ತಂಪು. ಆದರೆ ಅದು ಕುದಿಯುವುದಿಲ್ಲ, ಆರುವುದಿಲ್ಲ. ಗಟಗಟ ಕುಡಿದರೆ ಮುಗಿಯಿತು. ಮುಗಿದ ಮೇಲೆ ಇಬ್ಬರೂ ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ಕೂಡುತ್ತಿದ್ದರು. ಒಂದು ತಾಸಿನ ಕೂಟ ಗಳಿಗೆಗೆ ಇಳಿಯಿತು. ದಿನಾ ಬರುವವರು ದಿನ ಬಿಟ್ಟು ದಿನ ಬಂದರು, ಆಮೇಲೆ ವಾರಕ್ಕೊಮ್ಮೆ ಬಂದರು. ಬಿಸಿಲು ಜಾಸ್ತಿ ಎಂದರು, ಕಾಲು ನೋವು ಎಂದರು. ಜೇವರ್ಗಿಯ ಮಗಳು ರೇಖಾ ಎಷ್ಟೋ ವರ್ಷದಿಂದ ಬಂದು ನನ್ನ ಕಡೆ ಇರು ಎಂದು ಕರೆಯುತ್ತಿದ್ದಳಂತೆ. “ಅಲ್ಲಿ ಮಧ್ಯಾಹ್ನದಾಗ ನನ್ನ ಜೋಡಿ ಯಾರು ಕೂಡ್ತಾರ?” ಎಂದು ಇವರು ಒಲ್ಲೆ ಅನ್ನುತ್ತಿದ್ದರು. ಈಗ ಒಂದು ದಿನ ಬಂದು, “ಜರಾ ಜೇವರ್ಗಿಗಿ ಹೋಗಿ ನಾಕು ದಿನ ಇದ್ದು ಬರ್ತೇನಿ,” ಎಂದರು. ನಮ್ಮ ಅತ್ತೆ ಗೇಟಿನತನಕ ಹೋಗಿ ಕಳಿಸಿ ಬಂದರು. ನಾಲ್ಕು ದಿನಕ್ಕೆಂದು ಹೋದವರು ಬರಲೇ ಇಲ್ಲ.

ಫೋನಿನಲ್ಲಿ ಮಾತಾಡೋಣವೆಂದರೆ ಅವರಿಗೆ ಕೇಳಿಸುವುದಿಲ್ಲ. ರೇಖಾ ಒಮ್ಮೊಮ್ಮೆ ತಾನೇ ಫೋನ್ ಮಾಡಿ, “ಅವ್ವ ಆರಾಮ ಅದಾಳ್ರಿ ಮಾವಶಿ,” ಎಂದು ನಮ್ಮ ಅತ್ತೆಗೆ ಹೇಳುತ್ತಿದ್ದಳು. ಇವರು, “ಆರಾಮ ಇರ್ಲಿ ಬಿಡವ್ವಾ,” ಎನ್ನುತ್ತಿದ್ದರು. ಅಲ್ಲಿಗೆ ಮುಗಿಯುತ್ತಿತ್ತು.

ನಾನು ಶಾಲೆಯಿಂದ ಬರುವ ಹೊತ್ತಿಗೆ ಮನೆ ಗಪ್ಪಗಾಗಿರುತ್ತಿತ್ತು. ಅತ್ತೆ ಬಾಗಿಲಲ್ಲಿ ಕೂತಿರುತ್ತಿದ್ದರು. ನಾಲ್ಕರ ಸುಮಾರಿಗೆ ಎದ್ದು ಅಡುಗೆಮನೆಗೆ ಹೋಗುವುದು, ಒಲೆಯ ಮುಂದೆ ನಿಂತು ಏನೋ ನೆನಪಾದಂತೆ ವಾಪಸ್ ಬರುವುದು. ರಜೆಯ ದಿನಗಳಲ್ಲಿ ಇದನ್ನು ಕಂಡಿದ್ದೆ, ಮರೆವು ಶುರುವಾಗಿದೆ ಎಂದುಕೊಂಡಿದ್ದೆ. ಒಮ್ಮೆ, “ಮನಿ ಭಾಳ ದೊಡ್ಡದಾತು ಸುನಂದಾ,” ಎಂದರು. “ಹೌದ್ರಿ ಅತ್ತಿ, ಆ ರೊಕ್ಕದಾಗ ಯಾರೂ ಇಷ್ಟು ದೊಡ್ಡ ಮನಿ ಕಟ್ಟಿಲ್ಲ,” ಎಂದು ನಾನು ಹೆಮ್ಮೆಯಿಂದ ಹೇಳಿದೆ.

ಬರುಬರುತ್ತ ಅವರ ಊಟ ಇಳಿಯಿತು. ಎರಡು ರೊಟ್ಟಿ ಉಣ್ಣುತ್ತಿದ್ದವರು ಒಂದರಲ್ಲೂ ಅರ್ಧ ಬಿಡತೊಡಗಿದರು. ರೊಟ್ಟಿ ಬಡಿಯುತ್ತ ಹಾಡುವುದು ನಿಂತಿತು. ಡಾಕ್ಟರಿಗೆ ತೋರಿಸಿದರೆ ಎಲ್ಲ ಸರಿ ಇದೆ ಎಂದರು. “ಅವ್ವಗ ಮಾತಾಡಲಾಕ ಯಾರಿಲ್ಲ, ಅದಕ್ಕ ಹಂಗ,” ಎಂದು ಯಜಮಾನರು ಒಂದು ಸಂಜೆ ಬೂಟು ಬಿಚ್ಚುತ್ತ ಅಂದರು. ಆಗ ನನಗೆ ಒಮ್ಮೆಲೇ ಅಂಜಿಕೆಯಾಯಿತು. ತಾಯಿ ಇಲ್ಲದ ನನಗೆ ಆಕೆಯೇ ತಾಯಿ. ನನ್ನ ಬಾಣಂತನ ಮಾಡಿದಾಕೆ, ನಾನು ಬಿ.ಎಡ್. ಓದುವಾಗ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಾಕೆ. ಆಕೆ ಹೀಗೆ ಒಳಗೊಳಗೇ ಸೊರಗಿದರೆ ಈ ಮನೆಯನ್ನು ತೆಗೆದುಕೊಂಡು ನಾನು ಏನು ಮಾಡಲಿ?

“ಅತ್ತಿ, ಹರಕಿ ಬಿಡ್ರಿ. ಚಾ ಕುಡೀರಿ. ಶಾಂತಾಬಾಯಿನ ಕರಸೋಣ,” ಎಂದೆ.

“ಹೊತ್ತ ಹರಕಿ ನಡುವ ಇಳಸ್ತಾರೇನು ಬೇ? ಮ್ಯಾಲ ಆಕೀಗಿ ಪಿತ್ತ. ಬಂದು ಏನ್ ಮಾಡ್ತಾಳ?” ಎಂದು ಅವರು ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಹರಕೆ ಇಳಿಯಬೇಕಾದರೆ ಸಾಲ ಇಳಿಯಬೇಕು, ಬೇರೆ ದಾರಿ ಇರಲಿಲ್ಲ. ತವರಿನಲ್ಲಿ ಅಪ್ಪ ಹಾಕಿದ್ದ ಬಂಗಾರದ ಪಾಟ್ಲಿ ಬಳೆಗಳು ನನ್ನ ಕೈಯಲ್ಲಿದ್ದವು. ಉಳಿತಾಯದ ಇಷ್ಟು ಭರಾಟೆಯಲ್ಲೂ ಅವುಗಳ ಕಡೆ ನನ್ನ ಕಣ್ಣು ಹೋಗಿರಲಿಲ್ಲ. ಮಂದಿಯ ಚಹಾ ಕಡಿಮೆ ಮಾಡಲು ಹೊಳೆದಾಕೆಗೆ ಸ್ವಂತ ಕೈ ಕಾಣಿಸಿರಲಿಲ್ಲ ನೋಡಿ. ಯಜಮಾನರಿಗೆ ಹೇಳಿದೆ. ಅವರು, “ನಿಮ್ಮಪ್ಪ ಹಾಕಿದ್ದು, ವಿಚಾರ ಮಾಡು,” ಎಂದರು. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದ ಎಂಬುದು ನನಗೆ ಗೊತ್ತಿತ್ತು, ಕಪ್ಪನ್ನು ಆ ಕಡೆ ಸರಿಸಿದವನು ಅವನು. ಪಾಟ್ಲಿ ಮಾರಿದೆವು. ಅಲ್ಲಿಯತನಕ ನಾನು ಸಾಲ ತೀರಿಸುತ್ತಿದ್ದದ್ದು ಬಡ್ಡಿಯ ಮೇಲಿನ ಸಿಟ್ಟಿಗೆ. ಕೊನೆಯದನ್ನು ತೀರಿಸಿದ್ದು ಅರ್ಧ ಕಪ್ಪು ಚಹಾದ ಸಲುವಾಗಿ.

ಬ್ಯಾಂಕಿನವರು ಮನೆಯ ಕಾಗದಗಳನ್ನು ಕೈಗೆ ಕೊಟ್ಟ ದಿನ ನಾನು ದಾರಿಯಲ್ಲೇ ಹಾಲು, ಹಸಿಶುಂಠಿ, ಏಲಕ್ಕಿ ಕೊಂಡೆ. ಮನೆಗೆ ಬಂದು ಕಾಗದಗಳನ್ನು ಅತ್ತೆಯ ಕೈಯಲ್ಲಿಟ್ಟು ಕಾಲು ಮುಟ್ಟಿದೆ. ಅವರು ಅವನ್ನು ದೇವರ ಜಗುಲಿಯ ಮೇಲಿಟ್ಟು ಕೈಮುಗಿದರು. ನಾನು ನೀರು ಹಾಕದ ಹಾಲಿನಲ್ಲಿ ಚಹಾ ಕುದಿಸಿದೆ. ಕಪಾಟಿನ ಮೂಲೆಯಲ್ಲಿದ್ದ ಈ ನೀಲಿ ಬಳ್ಳಿಯ ಬಸಿಯನ್ನು ತೊಳೆದು, ತುಂಬ ಚಹಾ ಸುರಿದು ಮುಂದಿಟ್ಟೆ.

“ಹರಕಿ ತೀರ್ತು, ಕುಡೀರಿ ಅತ್ತಿ.”

ಅವರು ಬಸಿಯನ್ನು ಎತ್ತಿದರು. ತುಟಿಯತನಕ ತಂದರು. ವಾಪಸ್ ಕೆಳಗಿಟ್ಟರು.

“ಇಷ್ಟು ದಿನ ಆದ್ಮ್ಯಾಲ ಒಬ್ಬಾಕೀನೇ ಹ್ಯಾಂಗ ಕುಡೀಲಿ?” ಎಂದರು. ಚಹಾದ ಮೇಲೆ ಕೆನೆ ಕಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು. “ಜೇವರ್ಗಿಗಿ ನಾಳಿ ಮೊದಲ್ನೇ ಬಸ್ ಎಷ್ಟಕ್ಕದ?”

ಮರುದಿನ ಮುಂಜಾನೆ ನಾನೂ ರಜೆ ಹಾಕಿ ಅತ್ತೆಯ ಜೊತೆ ಹೊರಟೆ. ಕಲಬುರಗಿಯತನಕ ನಮ್ಮ ಯಜಮಾನರದೇ ಬಸ್ಸು. ತಾಯಿಯ ಮುಂದೆ ನಿಂತು ಗಂಭೀರವಾಗಿ, “ಆಧಾರ್ ಕಾರ್ಡ್ ತೋರಸ್ರಿ,” ಎಂದರು. “ನಿನ್ನ ಹಡೆದಾಕಿ ನಾ, ಅದಕ್ಕಿಂತ ಆಧಾರ ಬೇಕೇನಲೇ?” ಎಂದರು ಅತ್ತೆ. ಎಷ್ಟೋ ತಿಂಗಳ ಮೇಲೆ ಅವರ ಬಾಯಲ್ಲಿ ಅಂಥ ಮಾತು ಕೇಳಿ ಬಸ್ಸಿನವರ ಜೊತೆ ನಾನೂ ನಕ್ಕೆ. ಯಜಮಾನರು ತಾಯಿಗೆ ಸೊನ್ನೆ ರೂಪಾಯಿಯ ಟಿಕೆಟು ಹರಿದು ಕೊಟ್ಟರು. ಅವರು ಅದನ್ನು ಜೋಪಾನವಾಗಿ ಮಡಚಿ ಚೀಲದಲ್ಲಿಟ್ಟುಕೊಂಡರು. ಚೀಲದೊಳಗೆ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಏನೋ ಒಂದು ಇತ್ತು.

ಕಲಬುರಗಿಯಲ್ಲಿ ಬಸ್ಸು ಬದಲಿಸಿದೆವು. ಭೀಮಾ ನದಿಯ ಸೇತುವೆ ದಾಟುವಾಗ ನಾನು ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. “ಅತ್ತಿ, ಖರೇ ಹೇಳ್ರಿ. ನಾ ಹಾಲು ಕಡಿಮಿ ಮಾಡ್ತೀನಂದೆ ಅಂತ ನೀವು ಹರಕಿ ಹೊತ್ರೇನು?”

ಅವರು ಕಿಟಕಿಯ ಹೊರಗಿನ ನೀರು ನೋಡುತ್ತಿದ್ದರು. “ಸೊಸಿ ಬಿಡಿಸಿದ್ಲಂದ್ರ ನಿನಗೂ ಕೆಟ್ಟ ಹೆಸರು, ನನಗೂ ಸಣ್ಣತನ. ದೇವರ ಸಲುವಾಗಿ ಬಿಟ್ಟೀನಂದ್ರ ಇಬ್ಬರದೂ ಮರ್ಯಾದಿ ಉಳೀತದ. ನೀ ಏನು ಖಾಲಿಪೀಲಿ ಮಾಡಲಿಲ್ಲಲ್ಲ, ಮನಿ ಸಲುವಾಗಿ ಮಾಡಿದಿ,” ಎಂದರು. ಅವರ ಕೈ ಹಿಡಿದುಕೊಂಡೆ. ಜೇವರ್ಗಿ ಬರುವತನಕ ಬಿಡಲಿಲ್ಲ.

ರೇಖಾಳ ಮನೆ ಹುಡುಕಿ ಹೋದಾಗ ಶಾಂತಾಬಾಯಿ ಪಡಸಾಲೆಯಲ್ಲಿ ಮೊರದ ಮುಂದೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ನಾವು ಬಂದ ಸದ್ದು ಅವರಿಗೆ ಕೇಳಿಸಲಿಲ್ಲ. ಮೊದಲಿಗಿಂತ ಬಡವಾಗಿದ್ದರು. ರೇಖಾ ಒಳಗಿನಿಂದ ಬಂದು, “ಅಯ್ಯ, ಬರ್ರಿ ಮಾವಶಿ, ಬರ್ರಿ ಅಕ್ಕಾರ. ಕುಂದರ್ರಿ, ಚಾ ಇಡ್ತೇನಿ,” ಎಂದು ತಾಯಿಯ ಕಡೆ ಕೈ ತೋರಿಸಿದಳು. “ನಮ್ಮವ್ವ ಅಂತೂ ಮುಟ್ಟಂಗಿಲ್ರಿ. ಇಲ್ಲಿಗಿ ಬಂದಾಗಿಂದ ಒಂದ್ ಗುಟುಕು ಚಾ ಕುಡದಿಲ್ಲ.”

“ಪಿತ್ತ ಅಂತ ಹೇಳಿದ್ಲಲ್ಲ,” ಎಂದರು ಅತ್ತೆ.

“ಎಲ್ಲೀ ಪಿತ್ತರಿ? ಡಾಕ್ಟರ್‌ಗೆ ತೋರಿಸಿದ್ರ ಏನಿಲ್ಲ ಅಂದ್ರು. ಮತ್ಯಾಕ ಕುಡಿಯಂಗಿಲ್ಲ ಅಂದ್ರ, ಇನ್ನಾ ಟೈಮ್ ಆಗಿಲ್ಲ ಅಂತಾಳ. ಯಾವ ಟೈಮೋ ಏನೋ, ನಮಗ ತಿಳೀವಲ್ದು.”

ನಮ್ಮ ಅತ್ತೆ ನಿಂತಲ್ಲೇ ನಿಂತರು. ನನ್ನ ಕಡೆ ಒಮ್ಮೆ ತಿರುಗಿ ನೋಡಿದರು, ಕಣ್ಣು ತುಂಬಿದ್ದವು. ಆಮೇಲೆ ಹೋಗಿ ಶಾಂತಾಬಾಯಿಯ ಮುಂದೆ ಕೂತರು. ಶಾಂತಾಬಾಯಿ ತಲೆ ಎತ್ತಿದರು. ಕೈಯೊಳಗಿನ ಬೇಳೆ ಮೊರಕ್ಕೆ ಬಿತ್ತು.

“ಅಗಂ ಸಿದ್ದವ್ವಾ!”

“ಮನಿ ನಮ್ಮದಾತು ಶಾಂತಾ.”

“ಹಾಂ?”

“ಮನಿ! ನಮ್ಮದಾತು! ಸಾಲ ತೀರ್ತು!” ಜೇವರ್ಗಿಯ ಆ ಓಣಿಗೆಲ್ಲ ಕೇಳಿಸಿರಬೇಕು.

ಶಾಂತಾಬಾಯಿ ಗೆಳತಿಯ ಮುಖವನ್ನು ನೋಡಿದರು, ಗಲ್ಲ ಮುಟ್ಟಿ ನೋಡಿದರು. ಮಗಳ ಕಡೆ ತಿರುಗಿ, “ರೇಖಾ, ಚಾ ಇಡು,” ಎಂದರು. ಒಳಗೆ ಹೋಗುತ್ತಿದ್ದ ಅವಳನ್ನು ಮತ್ತೆ ಕೂಗಿದರು. “ಒಂದೇ ಇಡು!”

ಚಹಾ ಬಂತು. ಶಾಂತಾಬಾಯಿ ಕಪ್ಪನ್ನು ಅತ್ತೆಯ ಮುಂದೆ ಸರಿಸಿದರು. “ನೀ ಬಂದಾಕಿ. ಕಪ್ಪು ನಿಂದು.” ನಮ್ಮ ಅತ್ತೆ ತಲೆಯಾಡಿಸಿ ಚೀಲಕ್ಕೆ ಕೈ ಹಾಕಿದರು. ಸೀರೆಯ ತುಂಡನ್ನು ಬಿಚ್ಚಿದರು. ಒಳಗೆ ಈ ನೀಲಿ ಬಳ್ಳಿಯ ಬಸಿ. ಬಸ್ಸಿನ ನೂಕುನುಗ್ಗಲಲ್ಲಿ ಎಲ್ಲಿಯೋ ತಾಗಿ ಅಂಚಿನ ಚೂರು ಹಾರಿತ್ತು. ಅದನ್ನು ಸೆರಗಿನಿಂದ ಒರೆಸಿ ಮುಂದಿಟ್ಟು, “ಬಸಿ ನಮ್ಮ ಮನೀದು. ಅದಕ್ಕ ನಾನೇ ಕುಡೀತೀನಿ. ನೀ ಕಪ್ಪು ತಗೊ,” ಎಂದರು. ಶಾಂತಾಬಾಯಿ ಅರ್ಧ ಚಹಾವನ್ನು ಆ ಬಸಿಗೆ ಸುರಿದು ಕಪ್ಪನ್ನು ಎತ್ತಿಕೊಂಡರು.

ನಾನೂ ರೇಖಾಳೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಅತ್ತೆ ಊದಿದರು, ಎಳೆದರು. ಸುರ್ರ್ ಎಂಬ ಸದ್ದು ಬಂತು. ನನಗೆ ಗೊಬ್ಬೂರಿನ ತಗಡಿನ ಹೊಟೇಲು, ಬೆಂಚು, ಅಪ್ಪ ಎಲ್ಲ ಒಟ್ಟಿಗೆ ನೆನಪಾಗಿ ಅಂಗಳಕ್ಕೆ ಬಂದುಬಿಟ್ಟೆ. ಕಣ್ಣೊರೆಸಿಕೊಂಡು ಯಜಮಾನರಿಗೆ ಫೋನ್ ಹಚ್ಚಿದೆ.

“ನಾಳಿಂದ ಒಂದು ಲೀಟರ್ ಹಾಲು ಹೇಳ್ರಿ,” ಎಂದೆ.

ಆ ಕಡೆ ಬಸ್ಸಿನ ಗದ್ದಲ. ನನ್ನ ಬಾಯಿಂದ ಇಂಥ ಮಾತು ಕೇಳಿ ಅವರಿಗೆ ನಂಬಿಕೆ ಬರಲಿಲ್ಲ. “ಒಂದು ಲೀಟರ್? ಯಾಕ, ಏನಾತು?”

ತಿರುಗಿ ನೋಡಿದೆ. ಪಡಸಾಲೆಯಲ್ಲಿ ಕಪ್ಪು, ಬಸಿ ಎರಡೂ ಬರಿದಾಗಿ ಕೂತಿದ್ದವು. ನಮ್ಮ ಅತ್ತೆ, “ಆಳಂದಕ್ಕ ನಡಿ ಶಾಂತಾ,” ಎಂಬ ಮಾತನ್ನು ಎರಡನೆಯ ಸಲ ಗಟ್ಟಿಯಾಗಿ ಹೇಳುತ್ತಿದ್ದರು.

“ಏನಿಲ್ರಿ,” ಎಂದೆ. “ಶಾಂತಾಬಾಯಿ ಚೀಲ ತುಂಬಾಕತ್ತಾರ.”